ಊರ ಹಲಗೆಯ ಮೌನಹಕ್ಕಿ

ಫೆಬ್ರುವರಿ 3

ಅತ್ತೆ,

ಊರ ಹಲಗೆಯ ಮೇಲಿನ ಹಕ್ಕಿಯ ಕೊಕ್ಕು ಗಾಳಿಗೆ ಬಿದ್ದದ್ದಲ್ಲ. ಮುರಿದವಳು ನಾನು. ಹದಿಮೂರು ವರ್ಷದಿಂದ ಇದನ್ನು ಹೊಟ್ಟೆಯಲ್ಲಿಟ್ಟುಕೊಂಡಿದ್ದೇನೆ.

ಆಗ ನನಗೆ ಒಂಬತ್ತು ವರ್ಷ. ಕವಲುದಾರಿಯಲ್ಲಿ, ಹಲಗೆಯ ಕಂಬದ ಎದುರು, ಹಾಲಿನ ಡೈರಿಯ ಮೋಟುಗೋಡೆಯ ಮೇಲೆ ಕೂತು ಕ್ಯಾಟರ್‌ಬಿಲ್ಲಿನಿಂದ ಕಲ್ಲು ಹೊಡೆದೆ. ‘ಗುರಿ ಬೇರೆ ಕಡೆಗಿತ್ತು, ತಪ್ಪಿ ತಾಗಿತು’ ಎಂದು ಈ ಕಾಗದವನ್ನು ಮೊದಲ ಸಲ ಬರೆದಾಗ ಸೇರಿಸಿದ್ದೆ. ಅದೂ ಸುಳ್ಳಾದ್ದರಿಂದ ಹರಿದು ಹಾಕಿದೆ. ಕೊಕ್ಕಿಗೇ ಗುರಿ ಇಟ್ಟಿದ್ದೆ. ಎರಡು ಕಲ್ಲು ತಪ್ಪಿದವು, ಮೂರನೆಯದು ತಾಗಿತು. ಒಂದು ಕ್ಷಣ ಖುಷಿಯೂ ಆಯಿತು. ಆಮೇಲೆ ಬಿದ್ದ ತುಂಡನ್ನು ಹೊಳೆಗೆ ಎಸೆದು ಮನೆಗೆ ಓಡಿದೆ.

ಈಗ ಯಾಕೆ ಹೇಳುತ್ತಿದ್ದೇನೆಂದರೆ, ತಾತ ಸೇತುವೆ, ಏಣಿ, ಹಕ್ಕಿ ಕೆತ್ತಿ ನಿಲ್ಲಿಸಿದ ಆ ಹಲಗೆಯ ಬುಡ ಕೊಳೆತಿದೆ. ಅದೇ ಥರದ ಹೊಸದೊಂದು ಮಾಡಿಕೊಡಿ ಎಂದು ಪಂಚಾಯಿತಿ ನಮ್ಮ ಅಂಗಡಿಗೆ ಹೇಳಿದೆ. ಅಪ್ಪ ಏಣಿಗೆ ಮೆಟ್ಟಿಲು ಕೂರಿಸುತ್ತಾ, ತಲೆ ಎತ್ತದೆ, “ನೀನೇ ಕೆತ್ತು” ಅಂದ. ಶಾಲೆ ಬಿಟ್ಟು ಆರು ವರ್ಷವಾಯಿತು ಅತ್ತೆ. ಇಷ್ಟು ದಿನ ಬಾಗಿಲಿಗೆ ಚಿಲಕ, ಏಣಿಗೆ ಕಾಲು, ಇಷ್ಟೇ. ಒಂದು ಇಡೀ ಕೆಲಸ ನನ್ನ ಕೈಗೆ ಬಂದದ್ದು ಇದೇ ಮೊದಲು.

ತೊಂದರೆ ಏನೆಂದರೆ ನಮ್ಮ ಮೇಷ್ಟ್ರು. ಅವರು ಈ ಊರಿಗೆ ಬಂದದ್ದೇ ಕೊಕ್ಕು ಹೋದ ಮೇಲೆ. ಹಾಗಾಗಿ ಕೊಕ್ಕಿಲ್ಲದ ಹಕ್ಕಿಗೆ ‘ಮೌನಹಕ್ಕಿ’ ಎಂದು ಹೆಸರಿಟ್ಟು, ತಾತ ಬೇಕೆಂದೇ ಹಾಗೆ ಕೆತ್ತಿದರು, ಈ ಊರಿನವರು ಎಲ್ಲವನ್ನೂ ನೋಡುತ್ತಾರೆ, ಏನನ್ನೂ ಆಡಿಕೊಳ್ಳುವುದಿಲ್ಲ ಎಂಬುದರ ಸಂಕೇತ ಅದು ಎಂದು ಬರೆದಿದ್ದಾರೆ. ಕೊಕ್ಕು ಕಂಡಿದ್ದ ಹಳಬರೂ ತಿದ್ದಲಿಲ್ಲ. ಅದೀಗ ಶಾಲೆಯ ಬ್ಯಾಡ್ಜಿನ ಮೇಲಿದೆ, ಡೈರಿಯ ಕ್ಯಾನುಗಳ ಮೇಲಿದೆ. ಹೊಸ ಹಲಗೆಯ ಕೆಳಗೆ ‘ಇತಿಹಾಸ ಮತ್ತು ಸಂಕೇತ’ ಎಂದು ಒಂದು ತಗಡಿನ ಮೇಲೂ ಕೊರೆಸುತ್ತಾರಂತೆ. ನನ್ನ ಕೈಯಿಂದಲೇ ನನ್ನ ತಪ್ಪನ್ನು ಅಂದವಾಗಿ ಕೆತ್ತಿ ನಿಲ್ಲಿಸಬೇಕು. ಅದು ನನ್ನಿಂದಾಗದು.

ಕೊಕ್ಕಿನಲ್ಲಿ ಹಕ್ಕಿ ಏನನ್ನೋ ಕಚ್ಚಿಕೊಂಡಿತ್ತು. ಏನೆಂದು ನೆನಪಾಗುತ್ತಿಲ್ಲ. ಅಪ್ಪನನ್ನು ಕೇಳಿದರೆ “ಹಳೇದು ಬಿಡು” ಅನ್ನುತ್ತಾನೆ. ಹಲಗೆ ನಿಲ್ಲಿಸಿದ ಕಾಲದಲ್ಲಿ ನೀನು ಊರಲ್ಲೇ ಇದ್ದೆಯಲ್ಲ. ತಾತ ಏನು ಕೆತ್ತಿದ್ದರು ಹೇಳು.

ಫೋನು ಮಾಡಿ ಪ್ರಯೋಜನವಿಲ್ಲ. ನಿನ್ನ ಎರಕದ ಕಾರ್ಖಾನೆ ನಿನ್ನ ಕಿವಿಯನ್ನು ಅರ್ಧ ತಿಂದಿದೆ. ನಾನು ಕಿರುಚಿದರೆ ಇಡೀ ಬೀದಿಗೆ ಕೇಳುತ್ತದೆ, ನಿನಗೊಬ್ಬಳಿಗೆ ಬಿಟ್ಟು.

ನಿನ್ನ
ಪಾದರಸ


ಫೆಬ್ರುವರಿ 12

ಪಾದರಸ,

ಕಾಗದ ಸೇರಿತು. ಇಲ್ಲಿ ಎರಕ ಹೊಯ್ಯಲು ಒಂದು ದೊಡ್ಡ ಪಂಪಿನ ಮರದ ಮಾದರಿ ಮಾಡುತ್ತಿದ್ದೇವೆ, ಬಿಡುವಿಲ್ಲ. ಕೆಲಸದ ಮಾತು ಮಾತ್ರ ಬರೆಯುತ್ತೇನೆ.

ಹಸಿ ಮರ ತರಬೇಡ. ಹಳೆಯ ಕಟ್ಟಡ ಕೆಡವಿದ ತೇಗದ ತೊಲೆ ಸಿಕ್ಕರೆ ಅದನ್ನೇ ತಗೊ. ಮೊಳೆಯ ತೂತು ಎಣಿಸಿ ಬೇಸರಪಡಬೇಡ, ಅಂಥ ಮರ ಕುಣಿದು ಮುಗಿಸಿರುತ್ತದೆ, ಇನ್ನು ಡೊಂಕಾಗುವುದಿಲ್ಲ. ಸೇತುವೆ, ಏಣಿ ಹಲಗೆಯಲ್ಲೇ ಬರಲಿ. ಹಕ್ಕಿಯನ್ನು ಬೇರೆ ತುಂಡಿನಲ್ಲಿ ಕೆತ್ತಿ ಹಲಗೆಯ ತಲೆಯ ಮೇಲೆ ಎರಡು ಮರದ ಗೂಟ ಕೊಟ್ಟು ಕೂರಿಸು. ಕೊಕ್ಕಿನ ಉದ್ದಕ್ಕೆ ಮರದ ಎಳೆ ಓಡಬೇಕು. ಅಡ್ಡ ಬಂದರೆ ಕಾಗೆ ಕೂತರೂ ಮುರಿಯುತ್ತದೆ.

ಕೊಕ್ಕಿನಲ್ಲಿ ಏನಿತ್ತೋ ನೆನಪಿಲ್ಲ. ಕಡ್ಡಿ ಇರಬೇಕು.

ಎರಡು ಪ್ರಶ್ನೆ. ನೀನು ಕಲ್ಲು ಹೊಡೆದದ್ದು ಆ ವರ್ಷ ನಾನು ರಜೆಗೆ ಬರುವ ಮೊದಲೋ, ಬಂದು ಹೋದ ಮೇಲೋ? ನಿಮ್ಮಪ್ಪನಿಗೆ ಗೊತ್ತಿತ್ತೋ?

ಅತ್ತೆ


ಫೆಬ್ರುವರಿ 20

ಅತ್ತೆ,

ನಿನ್ನ ಕಾಗದದಲ್ಲಿ ಬೈಗುಳಕ್ಕಾಗಿ ಹುಡುಕಿದೆ. ಸಿಗಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ‘ಜಾಗ್ರತೆಯಾಗಿರು, ಬೆರಳು ಕುಯ್ದುಕೊಳ್ಳಬೇಡ’ ಎಂಬ ಸಾಲಿಲ್ಲದೆ ನೀನು ಒಂದು ಕಾಗದವನ್ನೂ ಮುಗಿಸಿದವಳಲ್ಲ. ಕೋಪ ಬಂದಿದೆ ಎಂದು ಅದರಿಂದಲೇ ತಿಳಿಯಿತು.

ಉತ್ತರ: ನೀನು ಬರುವ ಒಂದು ವಾರ ಮೊದಲು. ಆ ಸಲ ನನಗೆ ಆ ಪುಟ್ಟ ಉಳಿ ತಂದಿದ್ದೆ, ಹಳದಿ ಹಿಡಿಯದು. ಹದಿನೈದು ದಿನ ಇರುತ್ತೇನೆ ಅಂದವಳು ಮಾರನೆಯ ಬೆಳಗ್ಗೆಯೇ ಹೊರಟೆ. ಮತ್ತೆ ಬರಲೇ ಇಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಅತ್ತೆಗೆ ನನ್ನ ವಿಷಯ ಗೊತ್ತಾಯಿತು, ನನ್ನ ಮೇಲಿನ ಸಿಟ್ಟಿಗೇ ಹೋದಳು ಎಂದುಕೊಂಡೆ. ದೊಡ್ಡವಳಾದ ಮೇಲೆ ‘ಛೆ, ಕೆಲಸ ಜಾಸ್ತಿ ಇದ್ದಿರಬೇಕು’ ಎಂದು ಸಮಾಧಾನ ಮಾಡಿಕೊಂಡೆ. ನಿನ್ನ ಪ್ರಶ್ನೆ ನೋಡಿ ಮೊದಲಿನದೇ ಸರಿ ಅನ್ನಿಸುತ್ತಿದೆ.

ಅಪ್ಪನಿಗೆ ಗೊತ್ತಿತ್ತೋ ಇಲ್ಲವೋ ನನಗೆ ಗೊತ್ತಿಲ್ಲ. ನಿನಗೆ ಎಲ್ಲ ಬರೆದಿದ್ದೇನೆ ಎಂದು ನಿನ್ನೆ ಹೇಳಿದೆ. ಅವನು ಕೈಯಲ್ಲಿದ್ದ ಹಲಗೆಗೆ ಕೀಸುಳಿ ಎಳೆಯುತ್ತಲೇ ಹೋದ. ಅಮ್ಮ ಚಹಾ ತಂದವಳು, “ಅದು ಬಾಗಿಲೋ ಹಪ್ಪಳವೋ?” ಅಂದಳು. ನೋಡಿದರೆ ಹಲಗೆ ಯಾವುದಕ್ಕೂ ಬಾರದಷ್ಟು ತೆಳ್ಳಗಾಗಿತ್ತು.

ಸೇತುವೆ ಕೆತ್ತಲು ಶುರು ಮಾಡಿದ್ದೇನೆ. ದಿನಾ ಯಾರಾದರೂ ಅಂಗಡಿ ಬಾಗಿಲಲ್ಲಿ ನಿಂತು ಅರ್ಥ ಹೇಳಿ ಹೋಗುತ್ತಾರೆ. ಮೂರು ಕಮಾನು ಅಂದರೆ ನಿನ್ನೆ, ಇಂದು, ನಾಳೆ. ಏಣಿ ಸರಿ, ನಮ್ಮೂರಿನ ಕಸುಬೇ ಏಣಿ ಮಾಡುವುದು. ಅದರ ಆರು ಮೆಟ್ಟಿಲು ಅಂದರೆ ಊರಿನ ಆರು ಬೀದಿ. ಇರುವುದು ಐದೇ ಬೀದಿ. ಲೆಕ್ಕ ಸರಿಹೋಗಲೆಂದು ಡೈರಿಯ ಹಿಂದಿನ ಸಂದಿಗೂ ಬೀದಿ ಎಂದು ಹೆಸರು ಹಲಗೆ ಹಾಕಿದ್ದಾರೆ. ಅಲ್ಲಿ ಒಂದು ಕತ್ತೆ ಮಾತ್ರ ವಾಸವಾಗಿದೆ. ಚಹಾ ಅಂಗಡಿಯಕ್ಕ ಅನ್ನುತ್ತಾಳೆ, “ನಮ್ಮೂರಲ್ಲಿ ಯಾರೂ ಆಡ್ಕೊಳಲ್ಲ ಅನ್ನೋದನ್ನ ದಿನಾ ನಾಲ್ಕು ಗಂಟೆ ನನ್ನಂಗಡೀಲೇ ಕೂತು ಆಡ್ತಾರೆ ಕಣೆ.”

ತಾತ ನಿಜಕ್ಕೂ ಏನಂದುಕೊಂಡು ಇದನ್ನೆಲ್ಲ ಕೆತ್ತಿದರು? ಕೋಪವಿದ್ದರೂ ಇದಕ್ಕೆ ಉತ್ತರ ಬರೆ.

ಪಾದರಸ


ಮಾರ್ಚ್ 2

ಪಾದರಸ,

ನಿನ್ನ ಮೇಲೆ ಕೋಪವಿಲ್ಲ. ಮೊದಲೇ ಬರೆಯಬೇಕಿತ್ತು. ಬೆರಳು ಕುಯ್ದುಕೊಳ್ಳಬೇಡ.

ಸಂದಿಯ ಕತ್ತೆಯ ವಿಷಯ ಓದಿ ಊಟದ ಹೊತ್ತಲ್ಲಿ ಒಬ್ಬಳೇ ನಕ್ಕೆ. ಪಕ್ಕದ ಬೆಂಚಿನವನು ನನಗೆ ತಲೆ ಕೆಟ್ಟಿದೆ ಎಂದುಕೊಂಡ. ಆರು ಬೀದಿಯೂ ಇಲ್ಲ, ಮಣ್ಣೂ ಇಲ್ಲ. ಏಣಿಗೆ ಏಳು ಮೆಟ್ಟಿಲು ಇರಬೇಕಿತ್ತು. ಏಳನೆಯದರ ಜಾಗದಲ್ಲಿ ಕಲ್ಲಿನಂಥ ಗಂಟು ಸಿಕ್ಕಿ ಉಳಿ ಜಾರಿತು, ಮೆಟ್ಟಿಲು ಹಾರಿಹೋಯಿತು. ಉಳಿದದ್ದನ್ನು ಕೆರೆದು ನಯ ಮಾಡಿ, ಏಣಿ ಅಲ್ಲಿಗೇ ಮುಗಿಯುವಂತೆ ಮಾಡಬೇಕಾಯಿತು.

ಕಮಾನಿನ ಕಥೆ ಇನ್ನೂ ಚೆಂದ. ಆಗ ನಮ್ಮ ಸೇತುವೆಗೆ ಇದ್ದದ್ದೇ ಎರಡು ಕಮಾನು. ಎರಡು ಕೆತ್ತಿ ಮುಗಿಸಿದರೆ ಬಲಗಡೆ ನಾಲ್ಕು ಬೆರಳು ಜಾಗ ಉಳಿಯಿತು, ಬೋಳು ಬೋಳಾಗಿ ಕಂಡಿತು. ಅದಕ್ಕೆ ಮೂರನೆಯದು. ಮುಂದೆ ನೆರೆಗೆ ಸೇತುವೆ ಕೊಚ್ಚಿಹೋಗಿ ಹೊಸದು ಕಟ್ಟುವಾಗ, ‘ಹಲಗೆಯಲ್ಲಿ ಎಷ್ಟಿದೆಯೋ ಅಷ್ಟೇ ಇರಲಿ’ ಎಂದು ಊರಿನವರು ಹಟ ಹಿಡಿದರು. ನೀನು ದಿನಾ ದಾಟುವ ಮೂರನೆಯ ಕಮಾನು ಹುಟ್ಟಿದ್ದು ಜಾಗ ಉಳಿದದ್ದರಿಂದ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಊರು ನಮ್ಮದು. ಆದರೂ ಆ ಸೇತುವೆ ಗಟ್ಟಿಯಾಗಿದೆಯಲ್ಲ, ಇರಲಿ.

ನಾನು ಕೇಳಿದ ಎರಡನೆಯ ಪ್ರಶ್ನೆಗೆ ನಿಮ್ಮಪ್ಪನೇ ಉತ್ತರ ಹೇಳಬೇಕು. ಬಿಡದೆ ಕೇಳು.

ಅತ್ತೆ


ಮಾರ್ಚ್ 9

ಅತ್ತೆ,

‘ಉಳಿ ಜಾರಿತು’ ಎಂದು ಬರೆದಿದ್ದೀಯ. ಯಾರ ಉಳಿ? ‘ನಾಲ್ಕು ಬೆರಳು ಜಾಗ ಉಳಿಯಿತು’ ಎಂದಿದ್ದೀಯ. ಪಕ್ಕದಲ್ಲಿ ನಿಂತು ನೋಡಿದವರಿಗೆ ಅಳತೆ ಅಷ್ಟು ಚೆನ್ನಾಗಿ ನೆನಪಿರುವುದಿಲ್ಲ. ಕಾಗದ ಓದಿ ಕವಲುದಾರಿಗೆ ಹೋದೆ, ಏಣಿ ಹಾಕಿ ಹತ್ತಿ ಹಳೆಯ ಹಲಗೆಯ ಮೇಲೆ ಬೆರಳಾಡಿಸಿದೆ. ಗಂಟು ನೀನು ಹೇಳಿದಲ್ಲೇ ಇದೆ. ಉಳಿಯ ಗೆರೆಗಳು ಬಲದಿಂದ ಎಡಕ್ಕೆ ಬಿದ್ದಿವೆ. ತಾತ ಮಾಡಿದ ಬಾಗಿಲುಗಳು ನಮ್ಮ ಮನೆ ತುಂಬ ಇವೆ, ಅವುಗಳ ಮೇಲೆ ಗೆರೆ ಎಡದಿಂದ ಬಲಕ್ಕೆ. ಈ ಮನೆಯಲ್ಲಿ ಎಡಗೈಯವಳು ನೀನೊಬ್ಬಳೇ.

ಕೆಳಗಿಳಿದು ನೇರ ಅಪ್ಪನ ಮುಂದೆ ನಿಂತೆ. ನೀನು ಬಿಡದೆ ಕೇಳು ಅಂದೆಯಲ್ಲ, ಕೀಸುಳಿಯನ್ನೇ ಕೈಯಿಂದ ಕಿತ್ತುಕೊಂಡು ಕೇಳಿದೆ. ನಡೆದ ಮಾತು ನಡೆದ ಹಾಗೇ ಬರೆಯುತ್ತೇನೆ.

“ಕೊಕ್ಕು ಮುರಿದದ್ದು ನಾನು ಅಂತ ನಿಂಗೆ ಗೊತ್ತಿತ್ತಾ ಅಪ್ಪ?”

“ಗೊತ್ತಿತ್ತು.”

“ಹೇಗೆ?”

“ಒಲೆಗೆ ಮರದ ಹೊಟ್ಟು ತುಂಬ್ಕೊಳ್ಳೋಕೆ ಹೋದೆ. ಹೊಟ್ಟಿನ ಜೊತೆ ನಿನ್ನ ಕ್ಯಾಟರ್‌ಬಿಲ್ಲು ಬಂತು. ಅದನ್ನ ನೀನು ದಿಂಬಿನ ಕೆಳಗೆ ಇಟ್ಕೊಂಡು ಮಲಗ್ತಿದ್ದೆ. ಅಂಥದ್ದನ್ನ ಹೂತಿದ್ದೀಯ ಅಂದ್ರೆ ಏನೋ ದೊಡ್ಡದೇ ಆಗಿದೆ ಅನ್ಕೊಂಡೆ. ಮಾರನೇ ದಿನ ಕವಲುದಾರೀಲಿ ತಲೆ ಎತ್ತಿ ನೋಡಿದೆ.”

“ಮತ್ತೆ ಯಾಕೆ ನಂಗೆ ಬಾರಿಸ್ಲಿಲ್ಲ?”

“ಮೂರು ದಿನದಿಂದ ಸರಿಯಾಗಿ ಊಟ ಮಾಡ್ತಿರ್ಲಿಲ್ಲ ನೀನು. ಇನ್ನು ನಾನು ಬೇರೆ ಏನು ಬಾರಿಸೋದು.”

“ಅತ್ತೆಗೆ ಗಾಳಿ ಅಂತ ಯಾಕೆ ಹೇಳ್ದೆ?”

ಅಪ್ಪ ಮೈಮೇಲಿನ ಮರದ ಪುಡಿ ಕೊಡವಿಕೊಂಡ. ಆಮೇಲೆ ಅಂದ, “ಅವಳು ಕೇಳಿದಾಗ ನೀನು ಬಾಗಿಲ ಹಿಂದೆ ನಿಂತಿದ್ದೆ. ಕೆಳಗಿನ ಸಂದೀಲಿ ಪಾದ ಕಾಣ್ತಿತ್ತು.”

ಅತ್ತೆ, ನಾನು ಅಳುವವಳಲ್ಲ, ನಿನಗೆ ಗೊತ್ತು. ಅವತ್ತು ಅತ್ತುಬಿಟ್ಟೆ.

ಹಲಗೆ ಕೆತ್ತಿದ್ದು ಅತ್ತೆ ಅಲ್ಲವಾ ಎಂದು ಕೇಳಿದೆ. “ಅದನ್ನ ಹೇಳಬೇಕಾದೋಳು ಅವಳು. ನಾನು ಹೇಳೋ ಕಾಲದಲ್ಲಿ ಹೇಳ್ಲಿಲ್ಲ, ಈಗ ಅವಳ ಬಾಯಿಂದ ಕಸ್ಕೋಬಾರದು” ಅಂದ. ಹಾಗಾದರೆ ನೀನೇ ಹೇಳು. ಕಡ್ಡಿ ಇರಬೇಕು, ನೆನಪಿಲ್ಲ, ಇದೆಲ್ಲ ಬೇಡ.

ಪಾದರಸ


ಮಾರ್ಚ್ 19

ಪಾದರಸ,

ನಿನ್ನ ಕಾಗದ ಬಂದು ಆರು ದಿನವಾಯಿತು. ಮೂರು ಸಲ ಉತ್ತರ ಬರೆಯಲು ಕೂತೆ. ನಿನ್ನ ಹಾಗೆ ಮೊದಲ ಸಾಲಿನಲ್ಲೇ ಹೇಳಿಬಿಡುವ ಧೈರ್ಯ ನನಗಿಲ್ಲ. ಅದು ನಮ್ಮ ಮನೆಯಲ್ಲಿ ನಿನಗೊಬ್ಬಳಿಗೆ ಬಂದಿದೆ.

ಹೌದು, ಕೆತ್ತಿದ್ದು ನಾನು. ನನಗಾಗ ಇಪ್ಪತ್ತನಾಲ್ಕು. ನಿನ್ನ ತಾತ ಕೆಲಸ ಒಪ್ಪಿಕೊಂಡ ವಾರವೇ ಗರಗಸಕ್ಕೆ ಹೆಬ್ಬೆರಳು ಸಿಕ್ಕಿತು. ಗಾಯ ಮಾಯಿತು, ಹಿಡಿತ ಬರಲಿಲ್ಲ. ಬಡಗಿಗೆ ಉಳಿ ಹಿಡಿಯಲು ಬರುವುದಿಲ್ಲ ಎಂದು ಊರಿಗೆ ತಿಳಿದರೆ ಅಂಗಡಿಗೆ ಯಾರು ಬರುತ್ತಾರೆ? ಹಿಂದಿನ ಕೋಣೆಯ ಬಾಗಿಲು ಹಾಕಿಕೊಂಡು ನಾನು ಕೆತ್ತಿದೆ. ಯಾರಾದರೂ ಬಂದರೆ ನಿಮ್ಮಪ್ಪ ಹೊರಗೆ ಜೋರಾಗಿ ಕೆಮ್ಮುತ್ತಿದ್ದ. ಒಮ್ಮೆ ಅಧ್ಯಕ್ಷರು ಅವನಿಗೆ ಕೆಮ್ಮಿನ ಔಷಧಿ ಕಳಿಸಿಕೊಟ್ಟರು.

ಮುಗಿಯುತ್ತ ಬಂದಾಗ ನಮ್ಮಪ್ಪನನ್ನು ಕೇಳಿದೆ, ಹಿಂದುಗಡೆ ಮೂಲೆಯಲ್ಲಿ ನನ್ನ ಹೆಸರಿನ ಒಂದು ಅಕ್ಷರ ಹಾಕಲಾ ಎಂದು. “ಹೆಣ್ಣುಮಗಳು ಕೆತ್ತಿದ್ದು ಅಂದ್ರೆ ಇದು ಕಂಬ ಹತ್ತಲ್ಲ ಮಗಾ” ಅಂದರು. ಸಿಟ್ಟಿನಿಂದಲ್ಲ, ತಲೆ ತಗ್ಗಿಸಿಕೊಂಡು ಅಂದರು. ಅದಕ್ಕೇ ಎದುರಾಡಲಾಗಲಿಲ್ಲ. ಹಕ್ಕಿಯ ಕೊಕ್ಕು ಮಾತ್ರ ಬಾಕಿ ಇತ್ತು. ಕಡ್ಡಿ ಕಚ್ಚಿಸಬೇಕಿತ್ತು. ನಾನು ಪೆನ್ಸಿಲ್ ಕಚ್ಚಿಸಿದೆ. ಬಡಗಿಯ ಚಪ್ಪಟೆ ಪೆನ್ಸಿಲ್, ನಾನು ಕಿವಿಗೆ ಸಿಕ್ಕಿಸಿಕೊಳ್ಳುತ್ತಿದ್ದದ್ದು, ಹಿಂದಿನ ತುದಿಯಲ್ಲಿ ನನ್ನ ಹಲ್ಲಿನ ಗುರುತುಗಳ ಸಮೇತ. ಕೆಳಗೆ ನಿಂತವರಿಗೆ ಅದು ಕಡ್ಡಿ. ನನಗೆ ಅದು ಸಹಿ. ಮುಂದಿನ ತಿಂಗಳು ಇಲ್ಲಿ ಕೆಲಸ ಸಿಕ್ಕಿ ಊರು ಬಿಟ್ಟೆ.

ಅಪ್ಪ ಹೋದ ಮೇಲೆ ಪ್ರತಿ ರಜೆಯಲ್ಲೂ ಅಣ್ಣನಿಗೆ ಹೇಳುತ್ತಿದ್ದೆ, ಈಗಲಾದರೂ ಊರಿಗೆ ಹೇಳು ಎಂದು. “ಮುಂದಿನ ವರ್ಷ ಹೇಳೋಣ” ಅನ್ನುತ್ತಿದ್ದ. ಯಾರೂ ನಂಬದಿದ್ದರೆ ಏಣಿ ಹಾಕಿ ಪೆನ್ಸಿಲ್ ತೋರಿಸುತ್ತೇನೆ ಎಂದು ನಾನು. ಕೊನೆಯ ಸಲ ಜಗಳವೇ ಆಯಿತು. ಅದರ ಮುಂದಿನ ವರ್ಷ ಬಸ್ಸಿಳಿದು ತಲೆ ಎತ್ತಿದರೆ ಕೊಕ್ಕಿಲ್ಲ, ಪೆನ್ಸಿಲ್ ಇಲ್ಲ.

ಅಣ್ಣ ಗಾಳಿ ಅಂದ. ನಾನು ಮರದವಳು. ಮುರಿದ ಜಾಗವನ್ನು ಕೆಳಗಿನಿಂದಲೇ ಓದಿದ್ದೆ. ಗಾಳಿಗೆ ಮುರಿದರೆ ಎಳೆ ಸೀಳಿ ಸಿಬಿರು ಎದ್ದು ನಿಲ್ಲುತ್ತದೆ. ಅಲ್ಲಿ ಜಜ್ಜಿದ ಗುರುತಿತ್ತು. ಪೆಟ್ಟು ಬಿದ್ದಿದೆ ಎಂದು ಗೊತ್ತಾಯಿತು. ಅಣ್ಣನ ಮುಖ ನೋಡಿದರೆ ಅವನು ಸುಳ್ಳು ಹೇಳುತ್ತಿದ್ದಾನೆ ಎಂದೂ ಗೊತ್ತಾಯಿತು. ಎರಡೂ ನಿಜವೇ. ಎರಡನ್ನೂ ಸೇರಿಸಿ ನಾನು ಮಾಡಿದ ಮೂರನೆಯದು ಮಾತ್ರ ತಪ್ಪು. ಸುತ್ತಿಗೆ ತಗೊಂಡು ಅವನೇ ಹತ್ತಿ ನನ್ನ ಗುರುತನ್ನು ಒಡೆದ ಎಂದುಕೊಂಡೆ. ಮಾರನೆಯ ಬೆಳಗ್ಗೆ ಹೊರಟುಬಿಟ್ಟೆ. ಬಾಗಿಲ ಕೆಳಗೆ ಒಂದು ಜೊತೆ ಪುಟ್ಟ ಪಾದ ಇದ್ದದ್ದು ನನಗೆ ಕಾಣಲಿಲ್ಲ. ನಾನು ಮರ ನೋಡುವುದರಲ್ಲಿ ಜಾಣೆ, ಅಷ್ಟೇ.

ಅಣ್ಣನಿಗೆ ಇದನ್ನು ಓದಿ ಹೇಳು. ನಾನೇ ಅವನಿಗೆ ಬರೆಯಬೇಕು. ಕೈ ಬರುತ್ತಿಲ್ಲ.

ಅತ್ತೆ


ಏಪ್ರಿಲ್ 1

ಅತ್ತೆ,

ಓದಿ ಹೇಳಿದೆ. ಅಪ್ಪ ಎದ್ದು ಹಿಂದಿನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡ. ಅಮ್ಮ ನನ್ನ ಕಡೆ ನೋಡಿ, “ಹದಿಮೂರು ವರ್ಷ ನಾನು ಅಡುಗೇಲಿ ಉಪ್ಪು ಜಾಸ್ತಿ ಹಾಕಿದ್ದಕ್ಕೆ ಅವಳು ಬರ್ತಿಲ್ಲ ಅನ್ಕೊಂಡಿದ್ದೆ” ಅಂದಳು. ಈ ಮನೆಯಲ್ಲಿ ಪ್ರತಿಯೊಬ್ಬರೂ ಒಂದೊಂದು ತಪ್ಪನ್ನು ತಮ್ಮದೇ ಎಂದು ಬಚ್ಚಿಟ್ಟುಕೊಂಡಿದ್ದೇವೆ.

ಮೊನ್ನೆ ಪಂಚಾಯಿತಿಯಲ್ಲಿ ಹಲಗೆಯ ಸಭೆ ನಡೆಯಿತು. ಮೇಷ್ಟ್ರು ತಗಡಿನ ಬರಹ ಓದಿದರು. ಮೌನಹಕ್ಕಿಯ ಸಾಲು ಬಂದಾಗ ನಾನು ಎದ್ದು ನಿಂತು ಕಲ್ಲಿನ ವಿಷಯ ಹೇಳಿದೆ.

ಮೇಷ್ಟ್ರು ಕನ್ನಡಕ ತೆಗೆದರು. “ಹತ್ತನೇ ಕ್ಲಾಸಿನ ಪರೀಕ್ಷೆಗೂ ಕೂರದೆ ಓಡಿಹೋದವಳು ನೀನು. ಈಗ ನನಗೆ ಇತಿಹಾಸ ಕಲಿಸ್ತೀಯಾ?”

“ಇಲ್ಲ ಸಾರ್. ಕಲ್ಲು ಹೊಡೆದಿದ್ದನ್ನ ಹೇಳ್ತಿದ್ದೀನಿ, ಅಷ್ಟೇ.”

“ಎಲ್ಲಿಂದ ಹೊಡೆದೆ?” ಎಂದು ಡೈರಿಯವನು ಕೇಳಿದ.

“ನಿಮ್ಮ ಮೋಟುಗೋಡೆ ಮೇಲಿಂದ.”

“ಅಲ್ಲಿಂದ ಕೊಕ್ಕಿಗಾ? ಸುಳ್ಳು. ನಮ್ಮ ಹುಡುಗರ ಕೈಲೇ ಆಗಲ್ಲ.”

ಅಲ್ಲಿಂದ ಕಾಲು ಗಂಟೆ, ಆ ದೂರದಿಂದ ತಾಗುತ್ತದೋ ಇಲ್ಲವೋ ಎಂಬುದೇ ಚರ್ಚೆ. ಕೊನೆಗೆ ಅಧ್ಯಕ್ಷರು ಮೇಜು ಬಡಿದು, “ಮುರಿದಿದ್ದು ಮುರೀತು. ಹೆಸರು ಬಂದಿದೆ, ಹಾಗೇ ಇರ್ಲಿ. ಕೊಕ್ಕು ಬೇಡ” ಅಂದರು. ಅರ್ಧ ಸಭೆ ಹೌದು ಹೌದು ಅಂದಿತು. ಹಾಗಾದರೆ ನಾನು ಕೆತ್ತುವುದಿಲ್ಲ ಅಂದೆ. ಬೇರೆಯವರ ಹತ್ತಿರ ಮಾಡಿಸುತ್ತೇವೆ ಅಂದರು. ನಾನು ನಿಂತೇ ಇದ್ದೆ. ಆ ಹಲಗೆ ನನಗೆ ಎಷ್ಟು ಬೇಕಿತ್ತು ಎಂದು ಆಗ ತಿಳಿಯಿತು.

ಅಷ್ಟರಲ್ಲಿ ಹಿಂದಿನ ಬೆಂಚಿನಿಂದ ಅಪ್ಪ ಎದ್ದ. ಅಪ್ಪ ಸಭೆಯಲ್ಲಿ ಬಾಯಿ ಬಿಟ್ಟದ್ದನ್ನು ನಾನು ನೋಡಿಯೇ ಇಲ್ಲ.

“ಅದನ್ನ ನಮ್ಮಪ್ಪ ಕೆತ್ತಿಲ್ಲ” ಅಂದ. ಎಲ್ಲರೂ ತಿರುಗಿದರು. “ನಮ್ಮಪ್ಪನ ಹೆಬ್ಬೆರಳಲ್ಲಿ ಆಗಲೇ ಹಿಡಿತ ಇರ್ಲಿಲ್ಲ. ಕೆತ್ತಿದ್ದು ನನ್ನ ತಂಗಿ. ನಾಲ್ಕು ತಿಂಗಳು, ಹಿಂದಿನ ಕೋಣೇಲಿ. ಬಾಗಿಲಲ್ಲಿ ಕೂತು ಕೆಮ್ಮಿದವನು ನಾನು. ಆ ಕೊಕ್ಕಲ್ಲಿ ಅವಳ ಪೆನ್ಸಿಲ್ ಇತ್ತು. ಅವಳಿಗೆ ಸಿಕ್ಕಿದ್ದು ಅಷ್ಟೇ ಜಾಗ. ಅದನ್ನೂ ಬೇಡ ಅಂದ್ರೆ ನೀವು ಹಲಗೇನೇ ಹಾಕ್ಬೇಡಿ.”

“ಇಷ್ಟು ವರ್ಷ ಯಾಕಪ್ಪ ಹೇಳ್ಲಿಲ್ಲ?” ಅಧ್ಯಕ್ಷರು ಕೇಳಿದರು.

“ಮೊದಲು ಅಪ್ಪನಿಗೆ ಹೆದರಿದೆ. ಅಪ್ಪ ಹೋದ ಮೇಲೆ ನಿಮಗೆ ಹೆದರಿದೆ.”

ಈ ಊರು ಮೊದಲ ಸಲ ನಿಜಕ್ಕೂ ಮೌನವಾಗಿತ್ತು ಅತ್ತೆ. ಚಹಾ ಅಂಗಡಿಯಕ್ಕನೇ ಅದನ್ನು ಮುರಿದಳು. “ನನಗೆ ಆವಾಗಿಂದ ಒಂದೇ ಯೋಚನೆ. ಕೊಕ್ಕಿಲ್ಲದ ಹಕ್ಕಿ ಇಷ್ಟು ವರ್ಷ ತಿಂದಿದ್ದಾದ್ರೂ ಏನನ್ನ? ಕೊಡ್ರಪ್ಪ ಅದಕ್ಕೊಂದು ಬಾಯಿ.” ಜನ ನಕ್ಕರು. ನಕ್ಕ ಮೇಲೆ ಕೈ ಎತ್ತುವುದು ಸುಲಭವಾಯಿತು. ಕೊಕ್ಕಿನ ಕಡೆಗೆ ಇಪ್ಪತ್ತಾರು ಕೈ, ಬೇಡವೆಂದು ಒಂಬತ್ತು.

ಮೇಷ್ಟ್ರು ಕೈ ಎತ್ತಲಿಲ್ಲ. ತಮ್ಮ ಕಾಗದದ ಅರ್ಧಕ್ಕೆ ಗೆರೆ ಎಳೆದರು. ಶಾಲೆಯ ಬ್ಯಾಡ್ಜ್ ಮಾತ್ರ ಬದಲಾಯಿಸುವುದಿಲ್ಲ ಅಂದರು. ಆಮೇಲೆ ಅಪ್ಪನ ಹತ್ತಿರ ಬಂದು, “ನಿಮ್ಮ ತಂಗಿಯವರ ಪೂರ್ತಿ ಹೆಸರು ಹೇಳಿ” ಅಂದರು. ಅಪ್ಪ ಹೇಳಿದ. ತಪ್ಪಾಗಬಾರದೆಂದು ಎರಡು ಸಲ ಕೇಳಿ ಬರೆದುಕೊಂಡರು. ಅದು ತಗಡಿನ ಮೊದಲ ಸಾಲಿನಲ್ಲಿ ಬರುತ್ತದೆ.

ಏಪ್ರಿಲ್ ಕೊನೆಗೆ ಹಲಗೆ ಏರಿಸುತ್ತಾರೆ. ನೀನು ಬರಬೇಕು. ರಜೆ ಬರೆದುಕೊಡು.

ಪಾದರಸ


ಏಪ್ರಿಲ್ 9

ಪಾದರಸ,

ಚಪ್ಪಟೆ ಪೆನ್ಸಿಲ್‌ನ ಅಗಲ ದಪ್ಪಕ್ಕಿಂತ ಎರಡರಷ್ಟಿರಲಿ. ಮೂಲೆಗಳನ್ನು ತೀರ ಚೂಪು ಬಿಡಬೇಡ, ಕೈಯಲ್ಲಿ ಸವೆದ ಪೆನ್ಸಿಲ್ ಅದು. ಹಲ್ಲಿನ ಗುರುತು ನಾಲ್ಕು, ಓರೆಯಾಗಿ. ಹಳೆಯದನ್ನು ನಾನು ಸ್ವಲ್ಪ ದಪ್ಪವಾಗಿಯೇ ಕೆತ್ತಿದ್ದೆ, ಎತ್ತರದಲ್ಲಿ ಎಲ್ಲವೂ ಸಣ್ಣದಾಗಿ ಕಾಣುತ್ತದೆ.

ನಾನು ಬರುವುದಿಲ್ಲ. ಪಂಪಿನ ಕೆಲಸ ಮುಗಿದಿಲ್ಲ ಎಂದು ಬರೆಯಲು ಹೊರಟಿದ್ದೆ. ಅದು ಮುಗಿದು ಹತ್ತು ದಿನವಾಯಿತು. ಮೂವತ್ತೊಂದು ವರ್ಷ ಹೆಸರು ಬೇಕು ಬೇಕು ಅಂದವಳು ನಾನು. ಈಗ ಅಣ್ಣ ನಾಲ್ಕು ಜನರ ಮುಂದೆ ನಿಂತು ಕೊಟ್ಟಿದ್ದಾನೆ. ನಾನು ಅವನಿಗೆ ಕೊಟ್ಟದ್ದೇನು? ಹದಿಮೂರು ವರ್ಷ ಕಳ್ಳನ ಪಟ್ಟ. ಒಮ್ಮೆ ಅವನು ಇಲ್ಲಿಗೆ ಬರುತ್ತೇನೆ ಎಂದು ಹೇಳಿ ಕಳಿಸಿದಾಗ ಬೇಡ ಅಂದೆ. ಯಾವ ಮುಖ ಹೊತ್ತು ಬಸ್ಸಿಳಿಯಲಿ?

ನಿನ್ನ ಕೆಲಸ ಚೆನ್ನಾಗಿ ಆಗಲಿ. ಬೆರಳು ಜೋಪಾನ.

ಅತ್ತೆ


ಏಪ್ರಿಲ್ 17

ಅತ್ತೆ,

ಹಲಗೆ ಮುಗಿದಿದೆ. ಸೇತುವೆಗೆ ಮೂರು ಕಮಾನು, ಏಣಿಗೆ ಆರೇ ಮೆಟ್ಟಿಲು. ಏಳನೆಯದನ್ನು ಸೇರಿಸಬಹುದಿತ್ತು, ಆ ಜಾಗದಲ್ಲಿ ಈ ಸಲ ಗಂಟೂ ಇರಲಿಲ್ಲ. ಆದರೆ ಡೈರಿಯ ಹಿಂದಿನ ಕತ್ತೆಗೆ ಬೀದಿ ತಪ್ಪಿಸಲು ಮನಸ್ಸಾಗಲಿಲ್ಲ. ಹಕ್ಕಿಯ ಮೈ, ರೆಕ್ಕೆ, ಕಾಲು ಆಗಿವೆ. ತಲೆಯ ಮುಂದೆ ಎಳೆ ಉದ್ದಕ್ಕೆ ಓಡುವ ಒಂದು ತುಂಡನ್ನು ಕೆತ್ತದೆ ಹಾಗೇ ಉಳಿಸಿದ್ದೇನೆ. ಬೇರೆ ಮರದಲ್ಲಿ ನಾಲ್ಕು ಸಲ ಕೊಕ್ಕು ಕೆತ್ತಿ ನೋಡಿದೆ. ಪೆನ್ಸಿಲ್ ಬರುತ್ತದೆ, ಹಲ್ಲಿನ ಗುರುತು ಬರುವುದಿಲ್ಲ. ನನ್ನ ಹಲ್ಲಿನದು ಬರುತ್ತದೆ. ಅದು ನೀನೇ ಮಾಡಬೇಕಾದ ಕೆಲಸ.

ನಿನ್ನ ಕಾಗದವನ್ನು ಅಪ್ಪನಿಗೆ ಓದಿದೆ. ‘ಯಾವ ಮುಖ ಹೊತ್ತು’ ಅನ್ನುವಲ್ಲಿ ನಿಲ್ಲಿಸು ಅಂದ.

“ಅವಳು ಚಿಕ್ಕಂದಿಂದ ಹಿಂಗೇ. ತಾನೇ ಬಾಗಿಲು ಹಾಕ್ಕೊಂಡು, ಆಮೇಲೆ ಕೋಣೇಲಿ ಸೆಕೆ ಅಂತಾಳೆ” ಅಂದ.

“ಮತ್ತೆ ಏನ್ ಮಾಡೋದು?” ಅಂದೆ.

“ಅವಳು ಬರದೇ ಇದ್ರೆ ನಾವು ಹೋಗೋದು. ಹೇಳೋ ಹೊತ್ತಲ್ಲಿ ಹೇಳ್ದೆ ಇದ್ದೋನು ನಾನು. ನಡೆಯೋದೂ ನಾನೇ ನಡೀಬೇಕು.”

ಅಮ್ಮ ಒಳಗಿನಿಂದ, “ಬೇಡ ಅಂತಾಳೆ ಅವಳು” ಅಂದಳು.

“ಅನ್ನಲಿ. ಅವಳಿಗೆ ಸರಿಯಾಗಿ ಕಿವಿ ಕೇಳಲ್ಲ. ನನಗೂ ಕೇಳ್ದೆ ಇದ್ರಾಯ್ತು.”

ಅಂಗಡಿಗೆ ಬೀಗ ಹಾಕಿದ್ದನ್ನು ನಾನು ಹುಟ್ಟಿದಾಗಿನಿಂದ ನೋಡಿಲ್ಲ. ಈ ಸಂಜೆ ಅಪ್ಪ ಬೀಗಕ್ಕೆ ಎಣ್ಣೆ ಬಿಟ್ಟು ಬಿಟ್ಟು ನೋಡುತ್ತಿದ್ದಾನೆ, ಅದು ತಿರುಗುತ್ತಲೇ ಇಲ್ಲ. ಪಕ್ಕದವರನ್ನು ಬಾಗಿಲಲ್ಲಿ ಮಲಗಿಸಿ ಹೋಗುತ್ತೇವೆ. ಬಸ್ಸಿನಲ್ಲಿ ಒಂದೂವರೆ ದಿನ ಕೂರಬೇಕು ಎಂದು ಹೇಳಿದ್ದಕ್ಕೆ, “ಅಷ್ಟು ಹೊತ್ತು ಕೈ ಏನು ಮಾಡೋದು?” ಎಂದು ಗಾಬರಿಯಾಗಿ ಒಂದು ಮರದ ತುಂಡನ್ನೂ ಚಾಕುವನ್ನೂ ಚೀಲಕ್ಕೆ ಹಾಕಿಕೊಂಡಿದ್ದಾನೆ. ಹಕ್ಕಿಯನ್ನು ಹಳೆಯ ಹೊದಿಕೆಯಲ್ಲಿ ಸುತ್ತಿದ್ದೇನೆ. ನಿನ್ನ ಉಳಿಗಳಿಗೆ ಸಾಣೆ ಹಿಡಿದಿಡು. ಅಪ್ಪ ಮಲಗಲು ಚಾಪೆ ಸಾಕು, ನನಗೆ ಎಲ್ಲಾದರೂ ಆಗುತ್ತದೆ.

ಈ ಕಾಗದ ನಾವು ತಲುಪಿದ ಮೇಲೆ ನಿನ್ನ ಕೈ ಸೇರುತ್ತದೆ ಎಂದು ಗೊತ್ತಿದೆ. ಬೇಕೆಂದೇ ತಡವಾಗಿ ಬರೆಯುತ್ತಿದ್ದೇನೆ, ಬರಬೇಡಿ ಎಂದು ಉತ್ತರ ಹಾಕಲು ನಿನಗೆ ಸಮಯ ಸಿಗಬಾರದು ಎಂದು. ಹೇಳದೆ ಬಂದೆವು ಅನ್ನಬೇಡ, ಹೇಳಿದ್ದೇವೆ. ಅಂಚೆ ನಿಧಾನ.

ನಾಳೆ ಬೆಳಗ್ಗೆ ಆರೂವರೆಯ ಬಸ್ಸಿಗೆ ಅಪ್ಪನೂ ನಾನೂ ಹೊರಡುತ್ತೇವೆ.

ಪಾದರಸ